ಅಳೆದೂ ಸುರಿದೂ ಒಂದು ಆಂಟೆನಾ

ನನ್ನ ಕಸುಬು ಲೆಕ್ಕ ತಪಾಸಣೆ. ಬೇರೆಯವರ ಪುಸ್ತಕ ಬಿಚ್ಚಿಕೊಂಡು ಕೂತು, ಎಲ್ಲಿ ತಾಳೆ ಬಿದ್ದಿಲ್ಲ ಅಂತ ಹುಡುಕೋದು. ಹದಿನೈದು ವರ್ಷ ಈ ಕೆಲಸ ಮಾಡಿದವನಿಗೆ ಒಂದು ವಿಷಯ ನೆತ್ತರಲ್ಲೇ ಇಳಿದಿರಬೇಕು: ಕೂಡಿದ್ದು ಕಳೆದದ್ದು ಎಲ್ಲ ಒಂದಂಕಿಯೂ ಆಚೀಚೆ ಆಗದೆ ಮೊದಲ ಸಲಕ್ಕೇ ಸರಿಹೋಯಿತು ಅಂದರೆ, ಆ ಪುಸ್ತಕವನ್ನು ಇನ್ನೊಮ್ಮೆ ನೋಡಬೇಕು. ಆಫೀಸಿನಲ್ಲಿ ಹೊಸಬರಿಗೆ ಇದನ್ನು ನಾನೇ ಹೇಳಿಕೊಡ್ತೀನಿ. ಮನೆಗೆ ಬಂದು ಆಂಟೆನಾ ಕಟ್ಟುವಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗಿತ್ತೋ.

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸಾಗಿ, ಕರೆಸಂಕೇತ ಬಂದು, 20 ವ್ಯಾಟಿನ ಒಂದು ಹಳೇ ರಿಗ್ಗು (ರೇಡಿಯೋ ಯಂತ್ರ) ಮೇಜಿನ ಮೇಲೆ ಕೂತು ಎರಡು ತಿಂಗಳಾಗಿತ್ತು. ಅದರ ಹಿಂದೆ ಮೂರು ಮೀಟರ್ ತಂತಿ ಸಿಕ್ಕಿಸಿ ಕಿಟಕಿಗೆ ನೇತುಹಾಕಿದ್ದೆ. ಕೇಳೋಕೆ ಅಷ್ಟು ಸಾಕಿತ್ತು. ಮಾತಾಡೋಕೆ ಸಾಲದು. ಅಂಗಡಿಯಿಂದ ಸಿದ್ಧ ಆಂಟೆನಾ ತರಬಹುದಿತ್ತು, ನಿಜ. ಆದರೆ ರೇಡಿಯೋದಲ್ಲಿ ಈಗ ನಮ್ಮ ಕೈಗೆ ಸಿಗುವ ಭಾಗ ಇದೊಂದೇ. ರಿಗ್ಗಿನ ಮುಚ್ಚಳ ತೆಗೆದರೆ ಒಳಗೆ ಸಾಸಿವೆಗಿಂತ ಸಣ್ಣ ಬಿಡಿಭಾಗಗಳು, ಮುಟ್ಟೋಕೆ ಭಯ. ಆಂಟೆನಾ ಅಂದರೆ ಎರಡು ತುಂಡು ತಂತಿ. 1887ರಲ್ಲಿ ಜರ್ಮನಿಯ ವಿಜ್ಞಾನಿ ಹರ್ಟ್ಸ್ ಮೊದಲ ಸಲ ರೇಡಿಯೋ ಅಲೆ ಎಬ್ಬಿಸಿದ್ದೂ ನಡುವೆ ಸಂದು ಬಿಟ್ಟ ಎರಡು ಕಡ್ಡಿಗಳಿಂದಲೇ.

40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್ ಸುತ್ತಿನ ಅಲೆಗಳಿಗೆ, ಡೈಪೋಲ್ ಕಟ್ಟೋದು ಅಂತ ತೀರ್ಮಾನವಾಯಿತು. ಡೈಪೋಲ್ ಅಂದರೆ ನಡುವೆ ಕೇಬಲ್ ಸೇರುವ, ಎರಡು ಸಮ ಕೈಗಳ ತಂತಿ ಆಂಟೆನಾ. ಹಗಲು ಕೆಲವು ನೂರು ಕಿಲೋಮೀಟರ್ ಸುತ್ತಿನವರು ಸಿಗ್ತಾರೆ, ಕತ್ತಲಾದ ಮೇಲೆ ದೂರದವರೂ ಕೇಳಿಸ್ತಾರೆ. ಕಲಿಯುವವನಿಗೆ ಎರಡೂ ಬೇಕು. ಲೆಕ್ಕ ನನ್ನ ಪಾಲಿಗೆ ಆಟ. ಬೆಳಕಿನ ವೇಗದ ಪ್ರಕಾರ 7.1 ಮೆಗಾಹರ್ಟ್ಸಿನ ಅಲೆಯ ಅರ್ಧ ಉದ್ದ 21 ಮೀಟರಿಗೆ ಸ್ವಲ್ಪ ಹೆಚ್ಚು. ತಂತಿಯ ತುದಿಗಳ ಪ್ರಭಾವದಿಂದ ಅದು ನೂರಕ್ಕೆ ಐದರಷ್ಟು ಕಡಿಮೆ ಸಾಕಾಗುತ್ತೆ. ಹಾಗಾಗಿ ಎಲ್ಲರೂ ಬಳಸುವ ಸುಲಭ ಸೂತ್ರ: 143ನ್ನು ಮೆಗಾಹರ್ಟ್ಸಿನಿಂದ ಭಾಗಿಸು. 143 ಭಾಗಿಸು 7.1, ಬಂದದ್ದು 20.14 ಮೀಟರ್. ಮಧ್ಯಕ್ಕೆ ಕತ್ತರಿಸಿದರೆ ಒಂದೊಂದು ಕೈ 10.07.

ಅಳೆಯೋಕೆ ಕೈಗೆ ಸಿಕ್ಕಿದ್ದು ಅಮ್ಮನ ಹೊಲಿಗೆ ಟೇಪು. ಒಂದೂವರೆ ಮೀಟರಿನದು. ಹತ್ತು ಮೀಟರ್ ಅಳೆಯಬೇಕಾದರೆ ಏಳು ಸಲ ಎತ್ತಿ ಇಡಬೇಕು, ಪ್ರತಿ ಸಲ ಹೆಬ್ಬೆರಳಿನ ಅಗಲ ತಪ್ಪುತ್ತೆ. ನೆಲದ ಮೇಲೆ ಮಂಡಿಯೂರಿಕೊಂಡು ನಾನು ಪಡ್ತಿದ್ದ ಪಾಡು ನೋಡಿ ಅಮ್ಮ ಕಟಿಂಗ್ ಮೇಜಿನಿಂದ ಎದ್ದು ಬಂದರು.

"ಆ ಟೇಪು ಎಳೆದೆಳೆದು ಉದ್ದ ಆಗಿದೆ ಕಣೋ. ಎಸೀಬೇಕು ಅಂತಿಟ್ಟಿದ್ದು. ಬಾ ಇಲ್ಲಿ."

ಮೇಜಿನ ಅಂಚಿನಲ್ಲಿ ಸ್ಟೀಲ್ ಸ್ಕೇಲಿಟ್ಟು ಒಂದು ಮೀಟರಿಗೆ ಎರಡು ಗುರುತು ಹಾಕಿದರು. ಬಟ್ಟೆ ಅಳೆಯುವ ಹಾಗೆಯೇ ತಂತಿಯನ್ನು ಆ ಗುರುತಿನಿಂದ ಈ ಗುರುತಿಗೆ ಸರಸರ ಎಳೆಯುತ್ತ, ಬಾಯಲ್ಲಿ ಎಣಿಸುತ್ತ, ಹತ್ತು ಮುಗಿಸಿ ಕತ್ತರಿ ಎತ್ತಿಕೊಂಡು ಕೇಳಿದರು: "ಎಷ್ಟು ಬಿಡ್ಲಿ?"

"ಏಳು ಸೆಂಟಿಮೀಟರ್."

"ಅದು ಅಳತೆ. ಒಳಗಡೆ ಬಿಡೋದು ಎಷ್ಟು ಅಂತ ಕೇಳಿದ್ದು."

ನನ್ನ ಉತ್ತರಕ್ಕೆ ಕಾಯದೆ 10.40ಕ್ಕೆ ಕತ್ತರಿ ಆಡಿಸಿದರು. ಇನ್ನೊಂದು ಕೈಗೂ ಅಷ್ಟೇ. ಉದ್ದ ಹೆಚ್ಚಾದರೆ ಮಡಚಬಹುದು, ಕಡಿಮೆಯಾದರೆ ತೇಪೆ ಹಾಕಬೇಕು ಅಂತ ನಲವತ್ತು ವರ್ಷ ರವಿಕೆ ಹೊಲಿದವರ ನ್ಯಾಯ. ಆಂಟೆನಾ ಕಟ್ಟುವವರೂ ಇದನ್ನೇ ಹೇಳ್ತಾರೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ನಡುವಿನ ತುಂಡಿಗೆ ಪಿವಿಸಿ ಪೈಪಿನ ಗೇಣುದ್ದದ ಚೂರು. ಮೂರು ತೂತು: ಎರಡು ತಂತಿಗೆ, ಒಂದು ಮೇಲೆ ಎತ್ತುವ ಹಗ್ಗಕ್ಕೆ. ತಂತಿಯ ಎಳೆತ ಬೆಸುಗೆಯ ಮೇಲೆ ಬೀಳಬಾರದು. ತೂತಿನಲ್ಲಿ ಪೋಣಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಉಳಿದ ಬಾಲವನ್ನು ಕೇಬಲ್ಲಿಗೆ ಬೆಸೆಯಬೇಕು. ಎರಡು ತುದಿಗೂ ಇನ್ಸುಲೇಟರ್ ಬೇಕಲ್ಲ, ಅದಕ್ಕೆ ಅಮ್ಮನ ಡಬ್ಬಿಯಿಂದ ಓವರ್‌ಕೋಟಿನ ದೊಡ್ಡ ಪ್ಲಾಸ್ಟಿಕ್ ಗುಂಡಿ ಎರಡು. ನೋಡೋಕೆ ಬಹಳ ಚೆನ್ನಾಗಿತ್ತು. ಎರಡನೇ ವಾರದ ಗಾಳಿಗೆ ಒಂದು ಸೀಳಿತು. ಈಗ ಅಲ್ಲೂ ಪೈಪಿನ ಚೂರುಗಳೇ ಇವೆ.

ಕೇಬಲ್ಲು ಬಳುವಳಿಯಾಗಿ ಬಂದದ್ದು. ಹವ್ಯಾಸ ಬಿಟ್ಟ ಪರಿಚಯದವರೊಬ್ಬರು "ತಗೊಂಡು ಹೋಗು, ಇಲ್ಲಿ ಸುಮ್ನೆ ಬಿದ್ದಿದೆ" ಅಂತ ಕೊಟ್ಟ ಕೋಆಕ್ಸಿನ ಸುರುಳಿ. ಕೋಆಕ್ಸ್ ಅಂದರೆ ನಡುವೆ ಒಂದು ತಂತಿ, ಅದರ ಸುತ್ತ ತಾಮ್ರದ ಹೆಣಿಗೆ ಇರುವ ಕೇಬಲ್ಲು. ಹೊರಗಿನ ಕಪ್ಪು ಸಿಪ್ಪೆ ಒರೆಸಿದರೆ ಹೊಳೆಯುತ್ತಿತ್ತು. ನಾನು ನೋಡಿದ್ದು ಅಷ್ಟೇ.

ಅದರ ತುದಿಗೆ, ರಿಗ್ಗಿಗೆ ಸಿಕ್ಕಿಸುವ ಪಿಎಲ್-259 ಪ್ಲಗ್ಗು ಬೆಸೆಯೋದೇ ಒಂದು ಪರ್ವ. ನನ್ನ ಹತ್ತಿರ ಇದ್ದ 25 ವ್ಯಾಟಿನ ಸೋಲ್ಡರಿಂಗ್ ಐರನ್ನು ಆ ದಪ್ಪ ಲೋಹಕ್ಕೆ ಏನೂ ಸಾಲದು. ಶಾಖವನ್ನೆಲ್ಲ ಪ್ಲಗ್ಗೇ ಕುಡಿದುಬಿಡುತ್ತೆ, ಸೀಸ ಕರಗಿ ಹರಡುವ ಬದಲು ಗೋಲಿಯ ಹಾಗೆ ಉರುಳುತ್ತೆ. ಅರ್ಧ ಗಂಟೆ ಹೆಣಗಾಡಿ, ಬೆರಳು ಸುಟ್ಟುಕೊಂಡು, ಹೇಗೋ ಹಿಡಿಸಿ, ಆಹಾ ಅಂತ ಎತ್ತಿ ನೋಡಿದರೆ ಪ್ಲಗ್ಗಿನ ಹೊರಗವಚ ಮೇಜಿನ ಮೇಲೆ ಒಂಟಿಯಾಗಿ ಕೂತಿದೆ! ಅದನ್ನು ಮೊದಲೇ ಕೇಬಲ್ಲಿಗೆ ತೂರಿಸಿಟ್ಟುಕೊಳ್ಳಬೇಕು. ಈ ತಪ್ಪು ಮಾಡದ ಹ್ಯಾಮ್ ಲೋಕದಲ್ಲೇ ಇಲ್ಲ ಅಂತ ಆಮೇಲೆ ಕೇಳಿದೆ. ಆ ಹೊತ್ತಿನಲ್ಲಿ ಅದರಿಂದ ಏನೂ ಸಮಾಧಾನ ಆಗ್ತಿರಲಿಲ್ಲ. ಎಲ್ಲ ಬಿಚ್ಚಿ ಇನ್ನೊಂದು ಸಲ.

ಮರಕ್ಕೆ ಹಗ್ಗ ಹಾಕಿದ್ದು ಗಾಳದ ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ ಎಸೆದು. ವಿದ್ಯುತ್ ತಂತಿ ಹತ್ತಿರದಲ್ಲೆಲ್ಲೂ ಇಲ್ಲ, ಮರ ಬಿದ್ದರೂ ತಗಲುವುದಿಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಂಡೆ. ಈ ಹವ್ಯಾಸದಲ್ಲಿ ಜೀವಕ್ಕೇ ಕುತ್ತು ತರುವ ತಪ್ಪು ಅದು. ಆರನೇ ಎಸೆತಕ್ಕೆ ಬೇಕಾದ ಕೊಂಬೆ ದಾಟಿತು. ಅದಕ್ಕೆ ಮೊದಲಿನ ಎರಡು ನಟ್ಟು ಇವತ್ತಿಗೂ ಅಲ್ಲೇ ಮೇಲೆ ನೇತಾಡ್ತಿವೆ. ಗಾಳದ ದಾರದ ಹಿಂದೆ ಸಣ್ಣ ಹುರಿ, ಹುರಿಯ ಹಿಂದೆ ನೈಲಾನ್ ಹಗ್ಗ. ನಡುಭಾಗ ಎಂಟು ಮೀಟರ್ ಎತ್ತರಕ್ಕೆ ಹೋಯಿತು, ಎರಡು ಕೈಗಳು ಇಳಿಜಾರಾಗಿ ಮೂರು ಮೀಟರಿಗೆ ಬಂದು ನಿಂತವು. ತಲೆಕೆಳಗಾದ ವಿ. ಒಂದೇ ಎತ್ತರದ ಆಸರೆ ಸಾಕು ಅನ್ನೋದು ಇದರ ಅನುಕೂಲ. ತುದಿಗಳು ಮಾತ್ರ ಯಾರ ಕೈಗೂ ಎಟುಕಬಾರದು. ಪ್ರಸಾರ ಮಾಡುವಾಗ ಡೈಪೋಲಿನ ನಡುವೆ ಕರೆಂಟು ಹೆಚ್ಚು, ತುದಿಯಲ್ಲಿ ವೋಲ್ಟೇಜು ಹೆಚ್ಚು.

ಇನ್ನು ಮೀಟರಿನ ಸರದಿ. ಎಸ್‌ಡಬ್ಲ್ಯುಆರ್ ಅನ್ನೋದು ಏನು ಅಂತ ಗೊತ್ತಿಲ್ಲದವರಿಗೆ ನನ್ನ ಭಾಷೆಯಲ್ಲಿ ಹೇಳ್ತೀನಿ: ನೀವು ಕಳಿಸಿದ ಸರಕಿನಲ್ಲಿ ಎಷ್ಟು ವಾಪಸು ಬಂತು ಅನ್ನುವುದರ ಸೂಚಕ. 1 ಅಂದರೆ ಏನೂ ವಾಪಸಿಲ್ಲ. 2 ಅಂದರೆ ನೂರಕ್ಕೆ 11 ಪಾಲು, 3 ಅಂದರೆ 25 ಪಾಲು ಹಿಂದಿರುಗಿತು ಅಂತ. ಮೊದಲ ಕಟ್ಟುವಿಕೆಯಲ್ಲಿ 3 ಬಂದರೂ ಬೇಸರ ಮಾಡ್ಕೋಬೇಡ ಅಂತ ಎಲ್ಲರೂ ಹೇಳಿದ್ದರು.

ನನಗೆ ಬಂದದ್ದು 1.2.

7.0ರಲ್ಲೂ 1.2, 7.2ರಲ್ಲೂ 1.2. ಕುತೂಹಲಕ್ಕೆ 14 ಮೆಗಾಹರ್ಟ್ಸಿಗೆ, ಅಂದರೆ 20 ಮೀಟರ್ ಬ್ಯಾಂಡಿಗೆ, ಹೋಗಿ ನೋಡಿದೆ, ಅಲ್ಲಿ ಇನ್ನೂ ಚೆನ್ನಾಗಿ 1.1! ಅಮ್ಮನ ಅಳತೆ, ನನ್ನ ಕೈಗುಣ. ಇನ್ನೊಂದು ಖುಷಿಯೂ ಇತ್ತು: ರಿಸೀವರಿನಲ್ಲಿ ಗದ್ದಲವೇ ಇಲ್ಲ. ಕಿಟಕಿಯ ತಂತಿಯಲ್ಲಿ ಸದಾ ಹುರಿಯುವ ಸದ್ದು ಬರ್ತಿತ್ತು, ಈಗ ತಿಳಿನೀರಿನ ಹಾಗೆ ಶಾಂತ. ಹೊರಾಂಗಣದ ಆಂಟೆನಾ ಅಂದರೆ ಹೀಗಿರಬೇಕು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆ ಪುಟ ಹರಿದುಹಾಕಬೇಕು ಅಂತ ಎಷ್ಟೋ ಸಲ ಅನಿಸಿದೆ.

ಮೂರು ಸಂಜೆ ಸಿಕ್ಯು ಕರೆದೆ, ಅಂದರೆ ಯಾರಾದರೂ ಮಾತಿಗೆ ಸಿಗ್ತೀರಾ ಅನ್ನೋ ಕರೆ. ನಿಮಿಷಕ್ಕೆ ಹನ್ನೆರಡು ಪದದ ನನ್ನ ಕುಂಟು ಮೋರ್ಸ್‌ನಲ್ಲಿ, ಬಿಟ್ಟು ಬಿಟ್ಟು, ಗಂಟೆಗಟ್ಟಲೆ. ಒಬ್ಬರೂ ಓಗೊಡಲಿಲ್ಲ. ರಿವರ್ಸ್ ಬೀಕನ್ ನೆಟ್‌ವರ್ಕ್ ಅಂತ ಒಂದಿದೆ. ಲೋಕದ ನಾನಾ ಕಡೆ ಹವ್ಯಾಸಿಗಳು ಇಟ್ಟಿರುವ ರಿಸೀವರುಗಳು ಯಾರು ಮೋರ್ಸ್‌ನಲ್ಲಿ ಸಿಕ್ಯು ಕರೆದರೂ ತಾವೇ ಓದಿಕೊಂಡು, ಇಂಥವರು ಇಷ್ಟು ಡೆಸಿಬೆಲ್‌ನಲ್ಲಿ ಕೇಳಿಸಿದರು ಅಂತ ಇಂಟರ್ನೆಟ್ಟಿಗೆ ಏರಿಸುತ್ತವೆ. ಅಲ್ಲಿ ನನ್ನ ಕರೆಸಂಕೇತ ಹುಡುಕಿದರೆ ಖಾಲಿ. ನಾನು ಅನ್ನುವ ಪ್ರಾಣಿ ಹುಟ್ಟೇ ಇಲ್ಲ ಅನ್ನುವ ಹಾಗೆ.

ನಾಲ್ಕನೇ ದಿನ ನನಗೆ ಮೋರ್ಸ್ ಕಲಿಸಿದ ಹಿರಿಯರಿಗೆ ಫೋನು ಮಾಡಿದೆ. ಅವರು ಕಡಿಮೆ ಮಾತಿನವರು.

"ಸರ್, ಎಸ್‌ಡಬ್ಲ್ಯುಆರ್ 1.2 ಇದೆ. ಬ್ಯಾಂಡ್ ಪೂರ್ತಿ."

"ಪೂರ್ತೀನಾ?"

"ಹೌದು ಸರ್. ಹದಿನಾಲ್ಕರಲ್ಲಿ 1.1."

ಆ ಕಡೆ ಸ್ವಲ್ಪ ಹೊತ್ತು ಮೌನ. "ನೋಡಪ್ಪ, 40 ಮೀಟರ್ ಡೈಪೋಲು 20 ಮೀಟರಲ್ಲಿ ಚೆನ್ನಾಗಿ ನಿಲ್ಲೋ ಹಾಗೇ ಇಲ್ಲ. ನಡುವೆ ಸಾವಿರಗಟ್ಟಲೆ ಓಮ್ಸ್ ಬರುತ್ತೆ, ಮುಳ್ಳು ಕೊನೇಗೆ ಹೋಗಿ ಬಡೀಬೇಕು. ಆಂಟೆನಾ ಇಳಿಸು. ಕೇಬಲ್ಲಿಂದ ತಂತಿ ಬಿಚ್ಚು. ಆ ತುದೀಲಿ ಏನೂ ಇಲ್ಲದೆ, ತೀರಾ ಕಡಿಮೆ ಪವರಲ್ಲಿ ಒಂದು ಕ್ಷಣ ಮೀಟರ್ ನೋಡು. ಆಮೇಲೆ ಫೋನ್ ಮಾಡು."

ಬಿಚ್ಚಿ ನೋಡಿದೆ. ಆಂಟೆನಾ ಇಲ್ಲ, ಏನೂ ಇಲ್ಲ, ಬರೀ ಕೇಬಲ್ಲಿನ ಬೋಳು ತುದಿ ಗಾಳಿಯಲ್ಲಿ. ಕಳಿಸಿದ್ದೆಲ್ಲ ಹಾಗೇ ವಾಪಸು ಬರಬೇಕು.

ಮೀಟರ್ 1.4 ಅಂತು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ ತೆಗೆದೆ. 1.4 ಅಂದರೆ 36ರಲ್ಲಿ ಒಂದು ಪಾಲು ಹಿಂದಿರುಗಿತು. ಆ ತುದಿಯಲ್ಲಿ ತಗೊಳ್ಳುವವರು ಯಾರೂ ಇಲ್ಲ, ಹಾಗಾದರೆ ಉಳಿದ 35 ಪಾಲು ದಾರಿಯಲ್ಲೇ ಸೋರಿದೆ. ಹೋಗುವಾಗ ಆರರಲ್ಲಿ ಒಂದು ಉಳಿದಿದೆ, ಬರುವಾಗ ಅದರ ಆರರಲ್ಲಿ ಒಂದು. ಎಂಥ ನಿಖರವಾದ ಕಳ್ಳಲೆಕ್ಕ! 20 ವ್ಯಾಟ್ ಅಂದುಕೊಂಡು ನಾನು ಕಳಿಸಿದ್ದರಲ್ಲಿ ಆಂಟೆನಾದ ಬಾಗಿಲಿಗೆ ಮುಟ್ಟಿದ್ದು ಮೂರು ವ್ಯಾಟ್ ಚಿಲ್ಲರೆ. ಅದರಲ್ಲೂ ಅರ್ಧದಷ್ಟನ್ನು ಆಂಟೆನಾ ಒಲ್ಲೆ ಅಂತ ವಾಪಸು ಕಳಿಸಿರಬೇಕು, ಆ ವಾಪಸು ಸರಕೂ ದಾರಿಯಲ್ಲೇ ಕರಗಿ ನನ್ನ ಮೀಟರಿಗೆ ಮುಟ್ಟದೇ ಹೋಗಿದೆ. ವಾಪಸು ಏನೂ ಬರ್ತಾ ಇಲ್ಲ ಅಂತ ನಾನು ಬೀಗಿದ್ದು ಇದಕ್ಕೆ. ತಿಳಿನೀರಿನ ಹಾಗಿದ್ದ ಆ ಶಾಂತಿಯ ಗುಟ್ಟೂ ಅದೇ, ಬರುವ ಸಿಗ್ನಲ್ಲೂ ಅದೇ ದಾರಿಯಲ್ಲಿ ಬರಬೇಕಲ್ಲ.

ಕೇಬಲ್ಲಿನ ಸಿಪ್ಪೆಯನ್ನು ಉದ್ದಕ್ಕೆ ಸೀಳಿದೆ. ಒಳಗಿನ ತಾಮ್ರದ ಹೆಣಿಗೆ ಮಸಿಯ ಹಾಗೆ ಕಪ್ಪು, ಅಲ್ಲಲ್ಲಿ ಹಸಿರು ಹಿಟ್ಟು. ಯಾವುದೋ ಕಾಲದಲ್ಲಿ ತೆರೆದ ತುದಿಯಿಂದ ಮಳೆನೀರು ಹೊಕ್ಕು, ಹೆಣಿಗೆ ಬತ್ತಿಯ ಹಾಗೆ ಅದನ್ನು ಒಳಗೊಳಗೇ ಎಳೆದುಕೊಂಡಿದೆ. ಹಿರಿಯರಿಗೆ ಹೇಳಿದೆ. "ಹ್ಞೂಂ" ಅಂದರು. "ಡಮ್ಮಿ ಲೋಡಿಗೂ 1.0 ಬರುತ್ತಪ್ಪ. ಅದನ್ನ ಇಟ್ಕೊಂಡು ಯಾರ ಹತ್ರ ಮಾತಾಡ್ತೀಯ?" ಡಮ್ಮಿ ಲೋಡ್ ಅಂದರೆ ಕಳಿಸಿದ್ದನ್ನೆಲ್ಲ ಪ್ರಸಾರ ಮಾಡದೆ ಶಾಖವಾಗಿ ನುಂಗುವ, ಪರೀಕ್ಷೆಗೆ ಬಳಸುವ ಸಾಧನ.

ಹೊಸ ಕೇಬಲ್ ಬಂತು, ಆರ್‌ಜಿ-58, ಹದಿನೈದು ಮೀಟರ್. 60 ವ್ಯಾಟಿನ ಐರನ್ನೂ ಬಂತು. ಕವಚವನ್ನು ಮೊದಲೇ ತೂರಿಸಿದೆ. ಹಿರಿಯರು ತಮ್ಮ ನ್ಯಾನೋ ವಿಎನ್ಎ ಕೊಟ್ಟು ಕಳಿಸಿದರು. ಆಂಟೆನಾ ಅಳೆಯುವ, ಅಂಗೈಯಲ್ಲಿ ಕೂರುವ ಉಪಕರಣ. ಅದಕ್ಕೆ ಮೊದಲು ತೆರೆದ ತುದಿ, ಶಾರ್ಟ್ ಮಾಡಿದ ತುದಿ, 50 ಓಮ್ಸಿನ ತುದಿ ಮೂರನ್ನೂ ತೋರಿಸಿ ತಕ್ಕಡಿಯ ಮುಳ್ಳು ಸರಿಮಾಡಿದ ಹಾಗೆ ಸರಿಮಾಡಿಕೊಳ್ಳಬೇಕು. ಆಮೇಲೆ 6ರಿಂದ 8 ಮೆಗಾಹರ್ಟ್ಸ್ ತನಕ ಓಡಿಸಿದರೆ ಪರದೆಯ ಮೇಲೆ ಎಸ್‌ಡಬ್ಲ್ಯುಆರ್ ಗೆರೆ ಎತ್ತರದಿಂದ ಇಳಿದು, ಒಂದು ಕಣಿವೆ ಮಾಡಿ, ಮತ್ತೆ ಹತ್ತಿತು. ಆ ಕಣಿವೆ ನೋಡಿ ನನಗಾದ ಸಂತೋಷ 1.2 ನೋಡಿದಾಗ ಆಗಿರಲಿಲ್ಲ. ಅದು ಇದ್ದದ್ದು 6.70ರಲ್ಲಿ. ನನಗೆ ಬೇಕಾದ 7.1ರಲ್ಲಿ ಎಸ್‌ಡಬ್ಲ್ಯುಆರ್ 5. ಕೆಟ್ಟದ್ದೇ. ಆದರೆ ನಂಬಬಹುದಾದ ಕೆಟ್ಟದ್ದು.

10.40ರ ಎರಡು ಕೈಗೆ ಸೂತ್ರದ ಪ್ರಕಾರ 6.87ರ ಆಸುಪಾಸಿನಲ್ಲಿ ಕಣಿವೆ ಬರಬೇಕಿತ್ತು. ಇನ್ನೂ ಕೆಳಗೆ ಬಂದದ್ದು ಯಾಕೆ? ಸೂತ್ರ ಬರೀ ತಾಮ್ರದ ತಂತಿಗೆ. ನಾನು ಹಾಕಿದ್ದು ಪ್ಲಾಸ್ಟಿಕ್ ಹೊದಿಕೆಯ ತಂತಿ. ಹೊದಿಕೆಯಿಂದ ಅಲೆ ಚೂರು ನಿಧಾನವಾಗುತ್ತೆ, ತಂತಿ ಇದ್ದದ್ದಕ್ಕಿಂತ ಉದ್ದವಾಗಿರುವ ಹಾಗೆ ನಡೆದುಕೊಳ್ಳುತ್ತೆ. ನನ್ನ ತಂತಿಯಲ್ಲಿ ಇದು ನೂರಕ್ಕೆ ಎರಡೂವರೆಯಷ್ಟು.

ಇಲ್ಲಿಂದಾಚೆಗೆ ತ್ರೈರಾಶಿ. ಈಗಿನ ಉದ್ದ 20.80, ಅದನ್ನು 6.70ರಿಂದ ಗುಣಿಸಿ 7.10ರಿಂದ ಭಾಗಿಸಿದರೆ 19.63. ಒಂದೊಂದು ಕೈಯಿಂದ 58 ಸೆಂಟಿಮೀಟರ್ ಹೋಗಬೇಕು. ಕತ್ತರಿ ತಗೊಂಡು ಹೊರಟವನನ್ನು ಅಮ್ಮ ತಡೆದರು: "ಮಡಚಿ ನೋಡು ಮೊದಲು." ತುದಿಯನ್ನು ತಂತಿಯ ಮೇಲೆಯೇ ಹಿಂದಕ್ಕೆ ಒತ್ತಾಗಿ ಮಡಚಿ ಕಟ್ಟಿದರೆ ಹೆಚ್ಚುಕಮ್ಮಿ ಕತ್ತರಿಸಿದಷ್ಟೇ ಪರಿಣಾಮ. ಮೊದಲು 50 ಸೆಂಟಿಮೀಟರ್ ಮಡಚಿದೆ. ಲೆಕ್ಕ 7.04 ಅಂದಿತ್ತು, ಬಂದದ್ದು 7.02. ಮತ್ತೆ ಇಳಿಸು, ಇನ್ನೊಂಬತ್ತು ಮಡಚು, ಹತ್ತಿಸು. 7.08. ಪ್ರತಿ ಸಲವೂ ಎರಡೂ ಕಡೆ ಒಂದೇ ಅಳತೆ. ಒಂದು ಸಲ ಸೋಮಾರಿತನಕ್ಕೆ ಹಗ್ಗ ಪೂರ್ತಿ ಏರಿಸದೆ ಎರಡಾಳೆತ್ತರದಲ್ಲೇ ಅಳೆದು ನೋಡಿದೆ. ನೆಲ ಹತ್ತಿರವಾದರೆ ಲೆಕ್ಕವೇ ಬೇರೆ, ಮೇಲಕ್ಕೆ ಹೋದಾಗ ಕಣಿವೆ ಬೇರೆ ಕಡೆ ಸರಿದಿತ್ತು. ಆ ದಿನ ಒಟ್ಟು ಒಂಬತ್ತು ಸಲ ಇಳಿಸಿ ಏರಿಸಿದ್ದೇನೆ. ಕೊನೆಗೆ 7.09ರಲ್ಲಿ 1.4, ಬ್ಯಾಂಡಿನ ಎರಡೂ ಅಂಚಿನಲ್ಲಿ 2ರ ಆಚೀಚೆ. ತಪಾಸಣೆ ಮಾಡುವವನಿಗೆ ಒಪ್ಪುವಂಥ ಅಂಕಿಗಳು, ಅಂಚಿನಲ್ಲಿ ಸ್ವಲ್ಪ ಹರಿದಿರುವಂಥವು.

ಸಂಜೆ ರಿಸೀವರ್ ಹಾಕಿದರೆ ಗದ್ದಲ! ಚಟಪಟ, ಸೊಂಯ್, ಅದರ ನಡುವೆ ಹತ್ತಾರು ಮೋರ್ಸ್ ಕೊಳಲು.

ಸಿಕ್ಯು ಕರೆದು ರಿವರ್ಸ್ ಬೀಕನ್ ನೋಡಿದೆ. ಮೂರು ಸಾಲು. 6 ಡೆಸಿಬೆಲ್, 9 ಡೆಸಿಬೆಲ್, 14 ಡೆಸಿಬೆಲ್. ನನ್ನ ಕರೆಸಂಕೇತ, ಅಕ್ಷರ ತಪ್ಪಿಲ್ಲದೆ. ಪರದೆ ನೋಡುತ್ತ ಕೂತವನಿಗೆ ಯಾರೋ ನಿಧಾನವಾಗಿ ನನ್ನನ್ನೇ ಕರೀತಿದ್ದಾರೆ ಅಂತ ಗೊತ್ತಾಗೋಕೆ ಅರೆಗಳಿಗೆ ಹಿಡಿಯಿತು. ಕೈ ನಡುಗಿ ಅವರ ಸಂಕೇತ ತಿರುಗಿಸಿ ಹೇಳುವುದರಲ್ಲಿ ಎರಡು ಸಲ ಎಡವಿದೆ. ಅವರು ತಾಳ್ಮೆಯಿಂದ ಕಾದರು. ಸಿಗ್ನಲ್ ಹೇಗೆ ಕೇಳಿಸ್ತು ಅನ್ನೋ ಅಂಕವಾಗಿ ನನಗೆ 559 ಕೊಟ್ಟರು, ನಾನು 579 ಕೊಟ್ಟೆ. ಹೆಸರು, ಪವರ್, "ಆಂಟೆನಾ?" ಅಂತ ಕೇಳಿದರು. ಡೈಪೋಲ್ ಅಂದೆ. ಆಮೇಲೆ ಕೇಳದಿದ್ದರೂ ಇನ್ನೆರಡು ಪದ ಸೇರಿಸಿದೆ: ನಾನೇ ಕಟ್ಟಿದ್ದು. ಕೊನೆಗೆ 73, ಅಂದರೆ ಶುಭಾಶಯ, ಡಿಟ್ ಡಿಟ್.

ಅಷ್ಟರಲ್ಲಿ ಅಮ್ಮ ಒಳಗಿಂದ ಓಡಿಬಂದರು. "ಲೋ, ಮೆಷಿನ್ ದೀಪ ಹುಚ್ಚುಹುಚ್ಚಾಗಿ ಮಿನುಗ್ತಿದೆ, ವೈರಿಂಗ್ ಏನಾದ್ರೂ ಸುಟ್ಟಿದ್ಯಾ?" ಹೊಲಿಗೆ ಯಂತ್ರದ ಎಲ್‌ಇಡಿ ದೀಪ ನನ್ನ ಜೊತೆ ಮೋರ್ಸ್ ಹೇಳ್ತಾ ಇತ್ತು. ಡೈಪೋಲಿಗೆ ಎರಡು ಕೈ ಸಮ ಸಮ. ಕೋಆಕ್ಸಿಗೆ ಹಾಗಲ್ಲ, ಅದರ ಹೆಣಿಗೆಯ ಹೊರಮೈ ಮೂರನೇ ತಂತಿಯ ಹಾಗೆ ವರ್ತಿಸಿ, ಪ್ರಸಾರವನ್ನು ಮನೆಯೊಳಗೂ ಹೊತ್ತು ತಂದಿದೆ. ಇದಕ್ಕೆ ಮದ್ದು ಚೋಕ್, ಹೊರಮೈಯ ಕರೆಂಟನ್ನು ತಡೆಯುವಂಥದ್ದು. ದೊಡ್ಡ ಫೆರೈಟ್ ಬಳೆಯೊಂದಕ್ಕೆ ಕೇಬಲ್ಲನ್ನೇ ಹನ್ನೆರಡು ಸುತ್ತು ಸುತ್ತಿ, ನಡುವಿನ ಪೈಪಿನ ಕೆಳಗೇ ಕಟ್ಟಿದೆ. ಮತ್ತೆ ಇಳಿಸು, ಏರಿಸು. ಇದನ್ನು ಮೊದಲೇ ಹಾಕಿರಬೇಕಿತ್ತು, ಎಲ್ಲ ಕಡೆ ಬರೆದೇ ಇದೆ. ಓದಿದ್ದೆ ಕೂಡ. ಅದೆಲ್ಲ ಇಲ್ಲದೆಯೂ ನಡೆಯುತ್ತೆ ಅಂತ ಯಾರೋ ಹೇಳಿದ ಮಾತು ರುಚಿಸಿತ್ತು.

ಮಡಚಿದ ತುದಿಗಳನ್ನು ಇನ್ನೂ ಕತ್ತರಿಸಿಲ್ಲ. ಗುಡುಗಿನ ದಿನ ಕೇಬಲ್ಲನ್ನು ರಿಗ್ಗಿನಿಂದ ಕಳಚಿ ಹೊರಗೇ ಬಿಡ್ತೀನಿ. ಮೇಲಿನ ತುದಿಗೆ ನೀರಿಳಿಯದ ಹಾಗೆ ರಬ್ಬರ್ ಟೇಪು ಮೂರು ಪದರ ಸುತ್ತಿದ್ದೇನೆ, ಅದಕ್ಕೆ ಕಾರಣ ಹೇಳಬೇಕಿಲ್ಲ.

ಮೊನ್ನೆ ರಾತ್ರಿ ನಾಲ್ಕು ಸಂಪರ್ಕ ಮುಗಿಸಿ ಎದ್ದಾಗ ಅಮ್ಮ ಯಂತ್ರಕ್ಕೆ ದಾರ ಪೋಣಿಸ್ತಾ ಕೂತಿದ್ದರು.

"ಇವತ್ತೂ ಯಾರೂ ಸಿಗಲಿಲ್ವೇನೋ?"

"ಯಾಕಮ್ಮ?"

"ದೀಪ ಮಿನುಗಲೇ ಇಲ್ಲವಲ್ಲ."